ಹಳೇ ಕ್ಯಾಮೆರಾಕ್ಕೆ ಹೊಸ ಬೆಲ್ಲೋಸ್

(ಕುಂದಗೋಳ ತಾಲೂಕಿನ ಯರಗುಪ್ಪಿ. ಪಡಸಾಲೆಯ ಚಾಪೆಯ ಮೇಲೆ ಕಟ್ಟಿಗೆಯ ದೊಡ್ಡ ಕ್ಯಾಮೆರಾ ಬಿಚ್ಚಿಟ್ಟಿದೆ. ಮಾತಾಡುವವರು ಇಬ್ಬರು: ಅಜ್ಜನ ಆ ಕ್ಯಾಮೆರಾವನ್ನು ಮತ್ತೆ ಬಳಸಬೇಕೆಂದಿರುವ ಶಿಕ್ಷಕಿ, ಹುಬ್ಬಳ್ಳಿಯ ಸ್ಟುಡಿಯೊಗಳಲ್ಲಿ ದುಡಿದು ಊರಿಗೆ ಮರಳಿರುವ ಹಿರಿಯ ಫೋಟೊಗ್ರಾಫರ್.)

ಶಿಕ್ಷಕಿ: ನೋಡ್ರಿ ಕಾಕಾ, ಸಾಗವಾನಿ ಕಟ್ಟಿಗಿ ಇನ್ನೂ ಗಟ್ಟಿ ಐತಿ. ಹಿತ್ತಾಳಿ ತಿರುಪು ಎಲ್ಲಾ ತಿರಗತಾವ. ಲೆನ್ಸ್ ಸ್ವಚ್ಛ ಐತಿ, ಹಿಂದಿನ ಮಬ್ಬುಗಾಜು ಒಡದಿಲ್ಲ. ಕೆಟ್ಟಿದ್ದು ಲೆನ್ಸಿಗೂ ಮಬ್ಬುಗಾಜಿಗೂ ನಡುವಿನ ಈ ಮಡಿಕಿ ಚೀಲ, ಬೆಲ್ಲೋಸ್ ಒಂದ. ಜರಾ ಎಳದ್ರ ಸಾಕು, ಮೂಲ್ಯಾಗಿನ ಚರ್ಮ ಕೆಂಪು ಪುಡಿಯಾಗಿ ಕೈಗೆ ಹತ್ತತೈತಿ. ಇದಕ್ಕ ಕೂಡೂವಂಥಾ ಬೆಲ್ಲೋಸ್ ಎಲ್ಲಿ ಕೇಳಿದ್ರೂ ಸಿಗವಲ್ದು.

ಕಾಕಾ: ಏನಂತ ಕೇಳಿದಿ, ತಂಗಿ?

ಶಿಕ್ಷಕಿ: ಫುಲ್ ಪ್ಲೇಟ್ ಕ್ಯಾಮೆರಾದ ಬೆಲ್ಲೋಸ್ ಬೇಕ್ರಿ ಅಂತ.

ಕಾಕಾ: ಹಂಗ ಕೇಳಿದ್ರ ಯಾರಿಗೂ ಕೊಡಾಕ ಆಗೂದಿಲ್ಲ. ಫುಲ್ ಪ್ಲೇಟ್ ಅನ್ನೂದು ಗಾಜಿನ ಅಳತಿ, 6½ ಬೈ 8½ ಇಂಚು. ಹಾಫ್ ಪ್ಲೇಟ್ ಅಂದ್ರ 4¾ ಬೈ 6½. ಬೆಲ್ಲೋಸ್ ಅಂಟೂದು ಕಟ್ಟಿಗಿ ಚೌಕಟ್ಟಿಗೆ, ಆ ಚೌಕಟ್ಟು ಒಬ್ಬೊಬ್ಬರದು ಒಂದೊಂದು ನಮೂನಿ. ಒಂದ ಅಳತಿ ಗಾಜು ಹಿಡಿಯೂ ಎರಡು ಕ್ಯಾಮೆರಾ ಬಾಜೂಬಾಜೂಕ ಇಟ್ಟು ನೋಡು, ಚೌಕಟ್ಟಿನ ಅಳತಿ ಕೂಡೂದಿಲ್ಲ. ಅದಕ್ಕ ಬೆಲ್ಲೋಸ್ ಅನ್ನೂದು ಮೊದಲಿಂದನೂ ಅಳತಿ ಕೊಟ್ಟು ಮಾಡಸೂ ಸಾಮಾನು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ದಾಗ ಬೆಲ್ಲೋಸ್ ಮಾಡೂದನ್ನ ಕಸಬು ಮಾಡ್ಕೊಂಡವರು ಅದಾರ. ಅವರೂ ಮೊದಲ ಕೇಳೂದು ಅಳತಿನ.

ಶಿಕ್ಷಕಿ: ಹಂಗಾದ್ರ ಅಳತಿ ಕಳಿಸಿ ಅಲ್ಲಿಂದನ ತರಸೂಣಲ್ರಿ?

ಕಾಕಾ: ತರಸಬಹುದು. ರೊಕ್ಕ ಇದ್ದವರಿಗೆ ಅದೂ ಒಂದು ದಾರಿ, ಅದರಾಗ ತಪ್ಪೇನಿಲ್ಲ. ಆದ್ರ ಅಷ್ಟು ದೂರ ಹೋಗೂ ಮೊದಲ ನಮ್ಮ ಸುತ್ತಮುತ್ತಲ ಕೈ ನೋಡೂಣು. ಬಾಜೂಕ ಕುಂದಗೋಳ ಐತಿ. ಹಾಡುಗಾರ ಸವಾಯಿ ಗಂಧರ್ವರು 1886ರಾಗ ಹುಟ್ಟಿದ ಊರು, ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು ಅವರ ಮುಂದ ಕುಂತು ಕಲತ ಊರು. ಹಾಡು ಇದ್ದಲ್ಲಿ ಪೇಟಿ, ಅಂದ್ರ ಹಾರ್ಮೋನಿಯಂ, ಇರತೈತಿ. ನಮ್ಮ ಕಡೆ ಭಜನಿ ಇಲ್ಲದ ಊರು ಯಾವುದೈತಿ ಹೇಳು? ಆ ಪೇಟಿಗಳ ತಿದಿ ಹರೀತಾವ, ಅವನ್ನ ಮತ್ತ ಕಟ್ಟೂ ಕೈ ಹುಬ್ಬಳ್ಳಿ, ಧಾರವಾಡ, ಗದಗ ಕಡೆ ಇನ್ನೂ ಅದಾವ. ನಾವು ಹುಡುಕಬೇಕಾದ್ದು ಆ ಕೈ.

ಶಿಕ್ಷಕಿ: ಪೇಟಿ ರಿಪೇರಿ ಮಾಡೂವವರು ಕ್ಯಾಮೆರಾ ಮುಟ್ಟತಾರೇನ್ರಿ? ಅವರ ವಿದ್ಯೆ ಬ್ಯಾರೆ, ಇದು ಬ್ಯಾರೆ.

ಕಾಕಾ: ಕೇರಳದ ಆಲಪ್ಪುಳದಾಗ ನಡದ ಸಂಗತಿ ಹೇಳತೀನಿ ಕೇಳು. ಅಲ್ಲಿ ಕರುಣಾಕರನ್ ಅಂತ ಒಬ್ಬರಿದ್ರು. ಅವರ ಮನೆತನದ್ದು ಸಂಗೀತ ವಾದ್ಯ ರಿಪೇರಿ ಅಂಗಡಿ. 1940ರ ದಶಕದ ಮೊದಲಿಗೆ ಅದ ಊರಿನ ಫೋಟೊಗ್ರಾಫರ್ ಒಬ್ಬರು ತಮ್ಮ ಪರದೇಶದ ಕ್ಯಾಮೆರಾದ ಹರದ ಬೆಲ್ಲೋಸ್ ತಗೊಂಡು ಆ ಅಂಗಡಿಗೆ ಬಂದ್ರು. ಪೇಟಿ ತಿದಿ ಕಟ್ಟಿ ಗೊತ್ತಿದ್ದ ಕೈ ಅದನ್ನೂ ಕಟ್ಟಿಕೊಡ್ತು. ಕೆಲಸ ನೋಡಿದ ಫೋಟೊಗ್ರಾಫರ್, ಬೆಲ್ಲೋಸ್ ಮಾಡಿದವರು ಪೂರಾ ಕ್ಯಾಮೆರಾನ ಯಾಕ ಮಾಡಬಾರದು ಅಂತ ಹುರಪು ಕೊಟ್ರು. ಹಂಗ ಹುಟ್ಟಿದ್ದು ‘ವಾಗೀಶ್ವರಿ’ ಕ್ಯಾಮೆರಾ. ಕಟ್ಟಿಗಿ, ಹಿತ್ತಾಳಿ, ಬೆಲ್ಲೋಸ್ ಎಲ್ಲಾ ಆಲಪ್ಪುಳದಾಗ ಕೂಡಿಸಿದ ಕ್ಯಾಮೆರಾ. ಮುಂದ ದಶಕಗಟ್ಟಲೆ ನಮ್ಮ ದೇಶದ ಸ್ಟುಡಿಯೊಗಳಾಗ ಅದು ಓಡ್ತು. ಸಣ್ಣ ಫಿಲ್ಮಿನ ಕ್ಯಾಮೆರಾ ಎಲ್ಲಾ ಕಡೆ ಬಂದ ಮ್ಯಾಲ ಅದರ ಬೇಡಿಕಿ ನಿಂತ್ತು. ನೋಡು, ಒಂದು ಇಡೀ ಕ್ಯಾಮೆರಾ ಕಾರಖಾನಿ ಶುರುವಾಗಿದ್ದು ನೀ ಈಗ ಹಿಡ್ಕೊಂಡ ಕುಂತೀಯಲ್ಲ, ಇಂಥಾದ ಒಂದು ಹರದ ಬೆಲ್ಲೋಸ್‌ನಿಂದ.

ಶಿಕ್ಷಕಿ: ಕೇಳಿದ್ರ ಧೈರ್ಯ ಬರತೈತ್ರಿ. ಆದ್ರ ಪೇಟಿ ತಿದಿ ಗಾಳಿ ಹಿಡೀಬೇಕು, ಇದು ಬೆಳಕು ತಡೀಬೇಕು. ಎರಡೂ ಒಂದ ಹೆಂಗಾಗತಾವ?

ಕಾಕಾ: ಆ ಫರಕ ಪೇಟಿಯವರಿಗೆ ಮೊದಲ ತಿಳಿಸಿ ಹೇಳಬೇಕು. ಪೇಟಿ ತಿದಿ ಒಂದ ಕಡೆ ಕೀಲು ಹಿಡದು ಇನ್ನೊಂದು ಕಡೆ ತೆರೀತೈತಿ, ಕ್ಯಾಮೆರಾದ್ದು ನಾಲ್ಕೂ ಕಡೆ ಸರಿಸಮ ಹಿಗ್ಗಬೇಕು. ಪೇಟಿಗೆ ದಪ್ಪ ರಟ್ಟು ನಡೀತೈತಿ, ಇದಕ್ಕ ತೆಳ್ಳನ ರಟ್ಟು ಬೇಕು. ಪೇಟಿಯ ಅರಬಿ ಯಾವ ಬಣ್ಣದ್ದಾದ್ರೂ ಆದೀತು, ಇದರ ಒಳಮೈ ಮಿಂಚಿಲ್ಲದ ಕರೀ ಬಣ್ಣದ್ದ ಇರಬೇಕು. ಒಳಗ ಹೊಳಪಿದ್ರ ಲೆನ್ಸಿನಿಂದ ಬಂದ ಬೆಳಕು ಗ್ವಾಡಿಗೆ ಬಡದು ಪ್ಲೇಟಿನ ಮ್ಯಾಲ ಚೆಲ್ಲತೈತಿ, ಫೋಟೊ ಮಂಕಾಗತೈತಿ. ಉಳಿದಿದ್ದು ಎರಡಕ್ಕೂ ಒಂದ ಕೆಲಸ: ಅರಬಿ, ರಟ್ಟಿನ ಪಟ್ಟಿ, ಅಂಟು, ಮಡಿಕಿ. ಮೂಲ್ಯಾಗ ಗಾಳಿ ಸೋರದಂಗ ಕಟ್ಟಬಲ್ಲ ಕೈ ಬೆಳಕೂ ಸೋರದಂಗ ಕಟ್ಟತೈತಿ.

ಶಿಕ್ಷಕಿ: ಇದು ಎಷ್ಟು ಸೋರತೈತಿ ಅಂತ ನೋಡೂದು ಹೆಂಗ್ರಿ? ಮೂಲಿಗೆ ಕರೀ ಪಟ್ಟಿ ಅಂಟಿಸಿದ್ರ ಸಾಕಾಗಬಹುದೇನೋ.

ಕಾಕಾ: ಬಾ, ಕತ್ತಲಿ ಖೋಲ್ಯಾಗ ನೋಡೂಣು. ಕ್ಯಾಮೆರಾ ತಗೋ. ಲೆನ್ಸಿನ ಮುಚ್ಚಳ ಹಾಕು. ಮಬ್ಬುಗಾಜು ತಗದು ಬ್ಯಾಟ್ರಿ ಹಚ್ಚಿ ಒಳಗಿಡು, ಹಿಂದ ದಪ್ಪ ಅರಬಿ ಮುಚ್ಚು. ಈಗ ಬಾಗಲಾ ಹಾಕು. ಲಗೂನ ನೋಡಾಕ ಹೋಗಬ್ಯಾಡ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಮಡಿಕಿ ಮುಚ್ಚಿದಾಗ ತೂತು ಅಡಗಿ ಕುಂಡ್ರತಾವ, ಅದಕ್ಕ ಬೆಲ್ಲೋಸ್ ಸಾವಕಾಶ ಪೂರ್ತಿ ಎಳಿ.

ಶಿಕ್ಷಕಿ: ಅಯ್ಯ, ಕಾಕಾ! ಮ್ಯಾಲಿನ ಎರಡೂ ಮೂಲ್ಯಾಗ ಸಾಲ ಹಿಡದು ಚುಕ್ಕಿ ಕಾಣಾಕತ್ಯಾವ. ಬಲಗಡೆ ಒಂದು ಸೀಳ ಐತಿ. ನಡುವಿನ ಬಯಲಿನ್ಯಾಗ ಮಾತ್ರ ಒಂದೂ ಇಲ್ಲ.

ಕಾಕಾ: ಬಯಲಿನ್ಯಾಗ ಇರೂದಿಲ್ಲ. ಪ್ರತಿ ಸಲ ಮಡಚಿ ಬಿಚ್ಚಿದಾಗ ಚರ್ಮ ಮೂಲ್ಯಾಗ ಮೂರು ಕಡೆ ಬಾಗತೈತಿ, ಅಲ್ಲೇ ಮೊದಲ ಸವಿಯೂದು. ಎರಡೋ ನಾಕೋ ಚುಕ್ಕಿ ಇದ್ರ ತೆಳ್ಳನ ಕರೀ ಅರಬಿ ತುಣುಕು ಅಂಟಿಸಿ ಮುಗಸಬಹುದಿತ್ತು. ಸಾಲಿಗೆ ಸಾಲ ತೂತು ಬಿದ್ದು, ಚರ್ಮ ಪುಡಿಯಾಗಾಕತ್ತಿದ್ರ ತ್ಯಾಪಿ ಹಚ್ಚಿ ಉಪಯೋಗಿಲ್ಲ. ಒಂದು ತ್ಯಾಪಿ ಬಾಜೂಕ ಇನ್ನೊಂದು ಹರೀತೈತಿ, ತ್ಯಾಪಿ ದಪ್ಪಾಗಿ ಕ್ಯಾಮೆರಾ ಮುಚ್ಚೂದೂ ನಿಲ್ಲತೈತಿ.

ಶಿಕ್ಷಕಿ: ಸೂಜಿ ಮೊನಿಯಷ್ಟು ತೂತು. ಅಷ್ಟರಿಂದ ಫೋಟೊ ಕೆಡತೈತೇನ್ರಿ?

ಕಾಕಾ: ಕೆಡತೈತಿ. ಲೆನ್ಸು ತೆರೆಯೂದು ಒಂದು ಸೆಕೆಂಡೋ ಅರ್ಧ ಸೆಕೆಂಡೋ. ಆದ್ರ ನೀ ಪ್ಲೇಟ್ ಹಾಕಿ, ಅದರ ಮುಂದಿನ ತೆಳ್ಳನ ಹಲಗಿ (ಡಾರ್ಕ್ ಸ್ಲೈಡ್) ಎಳದು, ಮಂದೀನ ಸರಿ ನಿಲ್ಲಿಸಿ, ಮುಚ್ಚಳ ತಗದು, ಮತ್ತ ಹಾಕಿ, ಸ್ಲೈಡ್ ಒಳಗ ತಳ್ಳೂತನಕ ಪ್ಲೇಟ್ ಬೆಲ್ಲೋಸ್‌ನೊಳಗ ಬರಿಮೈಲೆ ನಿಂತಿರತೈತಿ. ತೂತಿಗೆ ಮುಚ್ಚಳಿಲ್ಲ, ಅಷ್ಟೂ ಹೊತ್ತು ಅದು ಬೆಳಕು ಸುರೀತಾ ಇರತೈತಿ. ನಮ್ಮ ಬಯಲಸೀಮಿ ಬಿಸಲಿನ್ಯಾಗ ಹೊಲದ ನಡುವ ಕ್ಯಾಮೆರಾ ಹೂಡಿದ್ರ ಕೇಳೂದ ಬ್ಯಾಡ. ಹಿಂದಿನ ಮಂದಿ ಸ್ಲೈಡ್ ಎಳದ ಕೂಡಲೆ ತಲಿ ಮ್ಯಾಲಿನ ಕರೀ ಅರಬಿ ತಗದು ಬೆಲ್ಲೋಸ್ ಮ್ಯಾಲ ಹೊದಸತಿದ್ರು, ನಿಮ್ಮ ಅಜ್ಜನೂ ಹೊದಸತಿದ್ದ. ಹೊಸಾದು ಬರೂತನಕ ನೀನೂ ಹಂಗ ಮಾಡಿ ಒಂದೆರಡು ಫೋಟೊ ತಗೀಬಹುದು.

ಶಿಕ್ಷಕಿ: ಆತ್ರಿ, ಹೊಸಾದ ಮಾಡಸೂಣು. ಅಳತಿ ಹೆಂಗ ತಗೀಬೇಕು ಹೇಳ್ರಿ, ನಾ ಬರಕೋತೀನಿ.

ಕಾಕಾ: ಮೊದಲ ಹಿಂದಿನ ಚೌಕಟ್ಟು. ಬೆಲ್ಲೋಸ್ ಅಂಟಿದ ಜಾಗಾದ ಹೊರ ಅಳತಿ, ಒಳ ಅಳತಿ ಎರಡೂ ಬರಿ. ಎರಡನೇದು ಮುಂದ ಲೆನ್ಸ್ ಕೂಡೂ ಚೌಕಟ್ಟು, ಅದರದೂ ಎರಡು ಅಳತಿ. ಮೂರನೇದು, ತಿರುಪು ಪೂರ್ತಿ ತಿರುವಿ ಎಳದಾಗ ಎರಡು ಚೌಕಟ್ಟಿನ ನಡುವಿನ ದೂರ. ನಾಲ್ಕನೇದು, ಕ್ಯಾಮೆರಾ ಮುಚ್ಚಿದಾಗ ಮಡಚಿದ ಬೆಲ್ಲೋಸ್‌ಗೆ ಉಳಿಯೂ ಜಾಗಾ. ಈ ನಾಲ್ಕನೇದನ್ನ ಭಾಳ ಮಂದಿ ಮರೀತಾರ.

ಶಿಕ್ಷಕಿ: ಹಿಂದಿನ ಚೌಕಟ್ಟು ಹೊರಗಿಂದ 10 ಇಂಚು, ನಾಲ್ಕೂ ಕಡೆ ಸಮ ಐತಿ. ಮುಂದಿಂದು 6 ಇಂಚು. ಪೂರ್ತಿ ಎಳದ್ರ 18 ಇಂಚು. ಮುಚ್ಚಿದಾಗ ಉಳಿಯೂದು ಒಂದೂವರಿ ಇಂಚು. 18 ಇಂಚು ಖರೇನ ಬೇಕೇನ್ರಿ? ಒಂದೀಟು ಕಡಿಮಿ ಮಾಡಿದ್ರ ಮಡಿಕಿ ಕಡಿಮಿಯಾಗಿ ಕೆಲಸ ಹಗರಾಗತಿತ್ತು.

ಕಾಕಾ: ಅದನ್ನ ಲೆನ್ಸಿಗೆ ಕೇಳಬೇಕು. ಇದು 12 ಇಂಚಿನ ಲೆನ್ಸ್. ದೂರದ ಗುಡಿ ಗೋಪುರ ತಗಿಯಾಕ ಲೆನ್ಸಿನಿಂದ ಪ್ಲೇಟಿಗೆ 12 ಇಂಚು ಇದ್ರ ಸಾಕು. 5 ಅಡಿ ಮುಂದ ಕುಂತ ಮುದುಕಿ ಮಾರಿ ತಗೀಬೇಕಂದ್ರ 15 ಇಂಚು ಬೇಕು. 3 ಅಡಿಗೆ ಸರದ್ರ 18. ನಿಮ್ಮ ಅಜ್ಜ ತಗದಿದ್ದು ಹೆಚ್ಚಿಗಿ ಮಂದಿ ಮಾರಿನ, ಅದಕ್ಕ ಈ ಉದ್ದ ಬಿಡಬ್ಯಾಡ. ಇನ್ನೊಂದು ಬರಕೊ: ಬೆಲ್ಲೋಸ್ ಉದ್ದಾದಂಗ ಪ್ಲೇಟಿಗೆ ಮುಟ್ಟೂ ಬೆಳಕು ಕಡಿಮಿಯಾಗತೈತಿ. 12 ಇದ್ದದ್ದು 15 ಆದ್ರ ಒಂದೂವರಿ ಪಟ್ಟು ಹೊತ್ತು ಬಿಡಬೇಕು, 18 ಆದ್ರ ಎರಡೂಕಾಲು ಪಟ್ಟು.

ಶಿಕ್ಷಕಿ: ಬರಕೊಂಡೆ. ಈಗ ಅರಬಿ ಎಷ್ಟು ಉದ್ದ ಕತ್ತರಸಬೇಕು? 18 ಇಂಚು ಸಾಕೇನ್ರಿ?

ಕಾಕಾ: ಸಾಲೂದಿಲ್ಲ. ಪೂರ್ತಿ ಎಳದಾಗೂ ಮಡಿಕಿ ಮಡಿಕಿಯಾಗಿನ ಉಳೀಬೇಕು. ಚಪ್ಪಟಿ ಆಗೂವಂಗ ಜಗ್ಗಿದ್ರ ಮೂಲಿ ಹರೀತಾವ. ಮುಕ್ಕಾಲಿಂಚಿನ, ಅಂದ್ರ 19 ಮಿಲಿಮೀಟರ್ ಅಗಲದ ಪಟ್ಟಿ 28 ಹಿಡಿ. ಎರಡು ಪಟ್ಟಿ ನಡುವ 2 ಮಿಲಿಮೀಟರ್ ಸಂದು ಬಿಡಬೇಕು, ಅರಬಿ ಮಡಚೂದು ಆ ಸಂದಿನ್ಯಾಗ. ಎಲ್ಲಾ ಕೂಡಿ 586 ಮಿಲಿಮೀಟರ್, ಸುಮಾರು 23 ಇಂಚು. ಎರಡೂ ತುದಿಗೆ ಚೌಕಟ್ಟಿಗೆ ಅಂಟಸಾಕ ಒಂದೊಂದು ಇಂಚು ಬ್ಯಾರೆ. ಈಗ ದಪ್ಪದ ಲೆಕ್ಕ ನೋಡು. ಒಳಗಿನ ಅರಬಿ, ನಡುವಿನ ರಟ್ಟು, ಹೊರಗಿನ ಹೊದಿಕಿ ಕೂಡಿ ಒಂದು ಪದರು 1 ಮಿಲಿಮೀಟರ್ ಆದ್ರ 28 ಪದರಿಗೆ 28 ಮಿಲಿಮೀಟರ್. ಮೂಲ್ಯಾಗ ಒಂಚೂರು ಹೆಚ್ಚಾದ್ರೂ ಒಂದೂವರಿ ಇಂಚಿನ್ಯಾಗ ಕುಂಡ್ರತೈತಿ. ದಪ್ಪ ರೆಕ್ಸಿನ್ ಹಾಕಿ 2 ಮಿಲಿಮೀಟರ್ ಮಾಡಿದಿ ಅಂದ್ರ 56 ಆಗತೈತಿ, ಎರಡಿಂಚು ದಾಟತೈತಿ. ಕ್ಯಾಮೆರಾ ಮುಚ್ಚೂದಿಲ್ಲ. ಮಂದಿ ಮಾಡಸಿದ ಬೆಲ್ಲೋಸ್ ಕೆಡೂದು ಹೆಚ್ಚಾಗಿ ಈ ಒಂದ ಕಾರಣಕ್ಕ.

ಶಿಕ್ಷಕಿ: ಅಂದ್ರ ಚರ್ಮಾನ ಬೇಕು ಅಂತೇನಿಲ್ಲ?

ಕಾಕಾ: ಚರ್ಮ ಚಲೋನ, ಆದ್ರ ಅದನ್ನ ಕೆತ್ತಿ ಕೆತ್ತಿ ಕಾಗದದಷ್ಟು ತೆಳ್ಳಗ ಮಾಡಬೇಕು. ಆ ಕೆಲಸ ಬಲ್ಲವರು ಸಿಕ್ರ ಮಾಡಸು. ಇಲ್ಲಂದ್ರ ಪುಸ್ತಕ ಬೈಂಡಿಂಗ್ ಮಾಡೂವವರ ಹತ್ರ ಸಿಗೂ ಕರೀ ಕ್ಯಾಲಿಕೊ ಹೊರಗ, ಮಿಂಚಿಲ್ಲದ ಕರೀ ಕಾಟನ್ ಒಳಗ. ಯಾವ ಅರಬಿ ತಂದ್ರೂ ಮೊದಲ ಬ್ಯಾಟ್ರಿ ಮುಂದ ಹಿಡದು ನೋಡು. ಕಣ್ಣಿಗೆ ಕರ್ರಗ ಕಂಡದ್ದೆಲ್ಲಾ ಬೆಳಕು ತಡಿಯೂದಿಲ್ಲ, ಛತ್ರಿ ಅರಬಿ ಒಂದು ಪದರಾದ್ರ ಬ್ಯಾಟ್ರಿ ಬೆಳಕು ಹಾಯ್ದು ಬರತೈತಿ. ಅಂಟಿನ ವಿಚಾರಕ್ಕ ಬಂದ್ರ, ಹಿಟ್ಟಿನ ಅಂಟು, ಸರಸ ಹಾಕಬ್ಯಾಡ. ಜಿರಳಿ, ಹುಳ ಹುಡಿಕ್ಕೊಂಡು ಬಂದು ತಿಂತಾವ. ಒಣಗಿದ ಮ್ಯಾಲೂ ಬಾಗೂ ಅಂಟು ಬೇಕು. ಬೈಂಡಿಂಗ್ ಮಾಡೂವವರಿಗೆ ಅದು ಗೊತ್ತಿರತೈತಿ. ಅದಕ್ಕ ನಾ ಹೇಳೂದು, ಪೇಟಿ ರಿಪೇರಿಯವರನ್ನೂ ಬೈಂಡಿಂಗ್‌ನವರನ್ನೂ ಒಂದ ಕಡೆ ಕುಂಡ್ರಿಸಿ ಕೇಳು. ಮಡಿಕಿ ಪೇಟಿಯವರಿಗೆ ಗೊತ್ತು, ಅರಬಿ ಮತ್ತ ಅಂಟು ಬೈಂಡಿಂಗ್‌ನವರಿಗೆ ಗೊತ್ತು.

ಶಿಕ್ಷಕಿ: ಪಟ್ಟಿ ಆಕಾರ ಹೆಂಗ ತಿಳಿಯೂದ್ರಿ? ಹಿಂದ 10 ಇಂಚು, ಮುಂದ 6. ಪ್ರತಿ ಪಟ್ಟಿ ಉದ್ದ ಬ್ಯಾರೆ ಬ್ಯಾರೆ ಆಗತೈತಲ್ಲ.

ಕಾಕಾ: ಹಳೇ ಬೆಲ್ಲೋಸ್‌ನ ಹೇಳತೈತಿ. ಅದನ್ನ ಹರದು ಒಗಿಯಬ್ಯಾಡ. ಹಿಡಿ, ಕೆಳಗಿನ ಮೈ ನೋಡು. ನಡುವ ಒಂದು ಉದ್ದನ ಜೋಡಣಿ ಕಾಣತೈತಿ. ಜೋಡಣಿ ಹೆಚ್ಚಾಗಿ ಕೆಳಗ ಇಡತಾರ, ಬಿಸಲು ಅಲ್ಲಿ ಬೀಳೂದಿಲ್ಲ ಅಂತ. ಚೌಕಟ್ಟಿನಿಂದ ಬಿಡಿಸಿ ಆ ಜೋಡಣಿ ಗುಂಟ ಬ್ಲೇಡಿನಿಂದ ಸಾವಕಾಶ ಸೀಳು... ಹಾಂ, ಹಂಗ. ಈಗ ಚಪ್ಪಟಿಯಾಗಿ ಹಾಸು.

ಶಿಕ್ಷಕಿ: ಬೀಸಣಿಕಿ ಆಕಾರ ಬಂತ್ರಿ. ಒಳಗಿನ ಅರಬಿ ಕೊಳತು ಹೋಗೈತಿ, ಆದ್ರ ರಟ್ಟಿನ ಪಟ್ಟಿ ಒಂದೊಂದೂ ಇದ್ದ ಜಾಗಾದಾಗ ಇದ್ದಂಗ ಅದಾವ. ಕೆಲವು ಪಟ್ಟಿ ಉದ್ದ, ಕೆಲವು ಗಿಡ್ಡ, ತುದಿ ಓರೆಯಾಗಿ ಕತ್ತರಿಸ್ಯಾರ. ರಟ್ಟಿನ ಮ್ಯಾಲ ಪೆನ್ಸಿಲ್‌ನಿಂದ ಒಂದು, ಎರಡು, ಮೂರು ಅಂತ ಅಂಕಿ ಬರದಾರ!

ಕಾಕಾ: ಮಾಡಿದವ ತನಗ ಗುರ್ತು ಇರಲಿ ಅಂತ ಬರಕೊಂಡಾನ. ಅದರ ಮ್ಯಾಲ ದೊಡ್ಡ ಕಾಗದ ಹಾಸಿ ಪ್ರತಿ ಪಟ್ಟಿ ಗೆರಿ ಎಳಕೊ. ಮೂಲ್ಯಾಗ ತುದಿ ಓರೆ ಇರೂದು ಯಾಕಂದ್ರ, ಅಲ್ಲಿ ರಟ್ಟು ರಟ್ಟಿಗೆ ಬಡದ್ರ ಮಡಿಕಿ ಬೀಳೂದ ಇಲ್ಲ. ಆ ಓರೆ ಇದ್ದಂಗ ಇಳಿಸಿಕೊ. ನಕಾಶಿ ಆದ ಮ್ಯಾಲ ಮೊದಲ ಬರೇ ಡ್ರಾಯಿಂಗ್ ಹಾಳ್ಯಾಗ ಒಂದು ಬೆಲ್ಲೋಸ್ ಮಾಡಿ ಮಡಚಿ ನೋಡು, ಚೌಕಟ್ಟಿಗೆ ಹಿಡದು ನೋಡು. ಹಾಳ್ಯಾಗ ಸರಿ ಬಂದ್ರ ಅರಬ್ಯಾಗೂ ಬರತೈತಿ. ಆಮ್ಯಾಲ ಒಳಗಿನ ಅರಬಿ ಹಾಸಿ, ಅದರ ಮ್ಯಾಲ ಪಟ್ಟಿ ಅಂಟಿಸಿ, ಮ್ಯಾಲ ಹೊದಿಕಿ ಹಾಕಿ, ಜೋಡಣಿ ಕೂಡಸೂದು. ಅಂಟು ಪೂರ್ತಿ ಗಟ್ಟಿಯಾಗೂ ಮೊದಲ ಬೆರಳಿನಿಂದ ಒಂದೊಂದ ಮಡಿಕಿ ಕೂಡಿಸಿ, ಮಡಚಿ, ಭಾರ ಹೇರಿ ರಾತ್ರಿ ಪೂರ್ತಿ ಬಿಡಬೇಕು. ಮಡಿಕಿಗೆ ನೆನಪು ಬರೂದು ಆವಾಗ.

ಶಿಕ್ಷಕಿ: ಹಚ್ಚಿದ ಮ್ಯಾಲ ಸರಿ ಐತಿ ಅಂತ ಹೆಂಗ ತಿಳೀಬೇಕು?

ಕಾಕಾ: ಎರಡು ಪರೀಕ್ಷೆ. ಒಂದು, ಈಗ ಮಾಡಿದ ಬ್ಯಾಟ್ರಿ ಪರೀಕ್ಷೆ. ಎರಡನೇದಕ್ಕ ನಿಮ್ಮ ಮಬ್ಬುಗಾಜಿನ ನಾಲ್ಕೂ ಮೂಲಿ ನೋಡು, ಒಂಚೂರು ಕತ್ತರಿಸಿ ಬಿಟ್ಟಾರ. ಬೆಲ್ಲೋಸ್ ಎಳದು ಆ ಕಿಂಡ್ಯಾಗಿಂದ ಲೆನ್ಸ್ ಕಡೆ ನೋಡು. ನಾಲ್ಕೂ ಮೂಲಿಯಿಂದ ಲೆನ್ಸಿನ ದುಂಡನ ಬಾಯಿ ಪೂರ್ತಿ ಕಾಣಬೇಕು. ಮಡಿಕಿ ಅಡ್ಡ ಬಂದ್ರ ಆ ಮೂಲಿ ಫೋಟೊದಾಗ ಕಪ್ಪಾಗತೈತಿ. ಇವೆರಡೂ ಪಾಸಾದ್ರ ಬೆಲ್ಲೋಸ್ ಪಾಸು. ಇನ್ನ ಜಪಾಸಿ ಇಟಗೊಳ್ಳೂದು. ಗಪ್ಪನ ಎಳೀಬ್ಯಾಡ, ಒಳಗ ಗಾಳಿ ನುಗ್ಗಿ ಧೂಳು ಪ್ಲೇಟಿಗೆ ಕುಂಡ್ರತೈತಿ. ಎರಿ ಹೊಲದ ಧೂಳು ಎಂಥಾದು ಅಂತ ನಿನಗ ಹೇಳೂದ ಬ್ಯಾಡ. ಮಳಿಗಾಲದಾಗ ಆಗಾಗ ಬಿಚ್ಚಿ ನೆರಳಿನ್ಯಾಗ ಗಾಳಿಗೆ ಇಡು, ಬೂಷ್ಟು ಹಿಡಿಯೂದಿಲ್ಲ.

ಶಿಕ್ಷಕಿ: ಒಂದು ಮಾತು ಕೇಳಲೇನ್ರಿ? ನಮ್ಮ ಅಣ್ಣ ಅಂತಾನ, ಹೊಸ ಬೆಲ್ಲೋಸ್ ಹಾಕಿದ್ರ ಕ್ಯಾಮೆರಾದ ಕಿಮ್ಮತ್ತು ಹೋಗತೈತಿ, ಇದ್ದಂಗ ಒರಸಿ ಗಾಜಿನ ಕಪಾಟಿನ್ಯಾಗ ಇಡೂಣು ಅಂತ. ಹಳೇ ಸಾಮಾನು ಕೊಳ್ಳೂವವರೂ ಹಂಗ ಅಂತಾರಂತ.

ಕಾಕಾ: ಮ್ಯೂಜಿಯಮ್ಮಿನ ಸಾಮಾನಾಗಿದ್ರ ನಿಮ್ಮ ಅಣ್ಣ ಹೇಳಿದ್ದು ಖರೆ. ದೊಡ್ಡ ಚರಿತ್ರೆ ಇರೂ ಕ್ಯಾಮೆರಾಕ್ಕ ಕೈ ಹಚ್ಚಬಾರದು. ಇದು ದುಡಿಯೂ ಕ್ಯಾಮೆರಾ. ತಬಲಾಕ್ಕ ಹೊಸ ಚರ್ಮ ಹಾಕಸಿದ್ರ ಅದು ಬ್ಯಾರೆ ತಬಲಾ ಆಗೂದಿಲ್ಲ, ಇದೂ ಹಂಗ. ನಿಮ್ಮ ಅಜ್ಜನ ಕಾಲಕ್ಕೂ ಇದರ ಬೆಲ್ಲೋಸ್ ಬದಲಿ ಮಾಡಿರಬಹುದು. ಆದ್ರೂ ಅಣ್ಣನ ಮಾತಿನ್ಯಾಗ ಒಂದು ವಿವೇಕ ಐತಿ, ಅದನ್ನ ಬಿಡಬ್ಯಾಡ. ಹಳೇ ಬೆಲ್ಲೋಸ್ ಕಾಗದದಾಗ ಸುತ್ತಿ, ಯಾವ ಕ್ಯಾಮೆರಾದ್ದು, ಯಾವಾಗ ಬಿಡಿಸಿದ್ದು ಅಂತ ಚೀಟಿ ಬರದು ಪೆಟ್ಟಿಗ್ಯಾಗ ಇಡು. ಚೌಕಟ್ಟಿನ ಕಟ್ಟಿಗಿ ಕೆತ್ತಬ್ಯಾಡ, ಹೊಸ ಮೊಳಿ ಹೊಡೀಬ್ಯಾಡ, ಮತ್ತ ಬಿಡಸಾಕ ಬರೂವಂಥ ಅಂಟಿನ್ಯಾಗ ಕೂಡಸು. ನಾಳೆ ಯಾರರೆ ಮೊದಲಿನಂಗ ಮಾಡತೀನಿ ಅಂದ್ರ ಅವರಿಗೆ ದಾರಿ ಇರಬೇಕು.

ಶಿಕ್ಷಕಿ: ಇಷ್ಟೆಲ್ಲಾ ಮಾಡಿದ ಮ್ಯಾಲ ಒಳಗ ಹಾಕಾಕ ಏನೈತ್ರಿ? ಆ ಗಾಜಿನ ಪ್ಲೇಟು ಈಗ ನಮ್ಮ ಕಡೆ ಅಂಗಡ್ಯಾಗ ಸಿಗೂದಿಲ್ಲ.

ಕಾಕಾ: ದವಾಖಾನ್ಯಾಗಿನ ಎಕ್ಸ್‌ರೇ ಫಿಲ್ಮ್ ಐತಿ. 8 ಬೈ 10 ಇಂಚಿನ ಹಾಳಿ ಸಿಗತೈತಿ, ಅದನ್ನ 6½ ಬೈ 8½ಕ್ಕ ಕತ್ತರಿಸಿ ಹಾಕಬಹುದು. ಕೆಂಪು ಬೆಳಕು ಅದಕ್ಕ ಕಾಣೂದಿಲ್ಲ, ಹಂಗಾಗಿ ಕೆಂಪು ಬಲ್ಬಿನ್ಯಾಗ ನೋಡಿಕೋತ ತೊಳೀಬಹುದು. ಎರಡೂ ಮೈಗೆ ಮದ್ದು ಹಚ್ಚಿರತಾರ, ಅದಕ್ಕ ತಟ್ಟ್ಯಾಗ ತಿಕ್ಕದಂಗ ನೋಡಿಕೊಳ್ಳಬೇಕು. ಅದಕಿಂತ ಹಗರ ದಾರಿ ಫೋಟೊ ಪ್ರಿಂಟ್ ಹಾಕೂ ಕಾಗದ. ಅದನ್ನ ಪ್ಲೇಟಿನ ಜಾಗಾಕ್ಕ ಹಾಕಿ ಕಾಗದದ ನೆಗೆಟಿವ್ ಮಾಡೂದು. ಕಾಗದ ಭಾಳ ನಿಧಾನ, ನಡುಮಧ್ಯಾಹ್ನದ ಬಿಸಲಿನ್ಯಾಗೂ ಲೆನ್ಸಿನ ಬಾಯಿ ಎಫ್ 45ಕ್ಕ ಇಳಿಸಿದ್ರ ಒಂದು ಸೆಕೆಂಡಿನ ಮ್ಯಾಲ ಬೇಕು. ಹಂಗಂದ್ರ ಶಟರ್ ಬ್ಯಾಡ. ಮುಚ್ಚಳ ತಗದು ಹಾಕಿದ್ರ ಆತು.

ಶಿಕ್ಷಕಿ: ಕಾಗದದ ಮ್ಯಾಲ ಚಲೋ ಬರತೈತೇನ್ರಿ?

ಕಾಕಾ: ನಮ್ಮ ಸೀಮಿಯ ಮೊದಲಿನ ಫೋಟೊ ಬಂದಿದ್ದ ಕಾಗದದ ಮ್ಯಾಲ. 1855ರಾಗ ಮುಂಬಯಿ ಸರಕಾರದ ಕಡೆಯಿಂದ ಕ್ಯಾಪ್ಟನ್ ಬಿಗ್ಸ್ ಅಂತ ತೋಪಖಾನಿ ಅಧಿಕಾರಿ ಬಂದು ವಿಜಾಪುರ, ಬಾದಾಮಿ, ಐಹೊಳೆ ಕಡೆ ಕಾಗದದ ನೆಗೆಟಿವ್ ಮಾಡಿದ. ಅವನ ಬೆನ್ನಿಗೆ ಡಾಕ್ಟರ್ ಪಿಗೌ ಆ ಕೆಲಸಕ್ಕ ಬಂದ. 1856ರಾಗ ಗ್ರೀನ್‌ಲಾ ಅನ್ನಾವ ಹಂಪ್ಯಾಗ ಸುಮಾರು 16 ಬೈ 18 ಇಂಚಿನ ಮೇಣ ಹಚ್ಚಿದ ಕಾಗದದ ಮ್ಯಾಲ ಕಲ್ಲಿನ ರಥ, ಗೋಪುರ ಹಿಡಿದಿಟ್ಟ. ಆ ನೆಗೆಟಿವ್ ಇವತ್ತಿಗೂ ಉಳದಾವ. ಬಿಗ್ಸ್, ಪಿಗೌ, ಮತ್ತ ನೀಲ್ ಅನ್ನೂ ಇನ್ನೊಬ್ಬ ತಗದ ಫೋಟೊ ಸೇರಿಸಿ 1866ರಾಗ ಲಂಡನ್ನಿನ್ಯಾಗ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಅಂತ ದೊಡ್ಡ ಪುಸ್ತಕ ತಂದ್ರು. ಅದರ ಚರಿತ್ರೆ ಭಾಗ ಬರದವರು ಮೆಡೋಸ್ ಟೇಲರ್, ಶಿಲ್ಪದ ಭಾಗ ಬರದವರು ಜೇಮ್ಸ್ ಫರ್ಗುಸನ್. ನಮ್ಮ ಜಿಲ್ಲಾದ ಹೆಸರು ಫೋಟೊ ಪುಸ್ತಕದ ಬೆನ್ನಿನ ಮ್ಯಾಲ ಬಂದಿದ್ದು ಅಷ್ಟು ಹಿಂದ. ಆಮ್ಯಾಲ ಹೆನ್ರಿ ಕಸೆನ್ಸ್ ಬಂದ. ಕನ್ನಡ ಜಿಲ್ಲೆಗಳ ಚಾಲುಕ್ಯ ಗುಡಿಗಳ ಮ್ಯಾಲ 1926ರಾಗ ಅವನ ಪುಸ್ತಕ ಪ್ರಕಟಾತು. ಅಣ್ಣಿಗೇರಿ ಅಮೃತೇಶ್ವರ ಗುಡಿ ಅದರಾಗ ಐತಿ.

ಶಿಕ್ಷಕಿ: ಅವರೆಲ್ಲಾ ತಗದಿದ್ದು ಗುಡಿ, ಕಲ್ಲು. ಮಂದಿ ಎಲ್ಲಿ?

ಕಾಕಾ: ಅದನ್ನ ಹೇಳಾಕ ಹೊಂಟಿದ್ದೆ. ದೊಡ್ಡ ಕ್ಯಾಮೆರಾ ತಗೊಂಡು ಬಂದ ಸಾಹೇಬರು ಗುಡಿ ತಗದ್ರು, ಫೋಟೊ ಲಂಡನ್ನಿಗೆ ಹೋದುವು. ಮಂದಿ ಮಾರಿ ತಗದಿದ್ದು ಆಮ್ಯಾಲ ಬಂದ ನಿಮ್ಮ ಅಜ್ಜನಂಥ ಊರ ಫೋಟೊಗ್ರಾಫರ್‌ಗಳು. ಮದವಿ, ಜಾತ್ರಿ, ಸಾಲಿ ಗುಂಪು, ಮೆಣಸಿನಕಾಯಿ ಮಾರಿ ಬಂದ ರೊಕ್ಕದಾಗ ಒಂದು ಮನೆತನದ ಫೋಟೊ. ಆ ಗಾಜಿನ ನೆಗೆಟಿವ್ ಎಷ್ಟೋ ಸ್ಟುಡಿಯೊದಾಗ ತೊಳದು ದೇವರ ಫೋಟೊಕ್ಕ ಕಟ್ಟು ಹಾಕಿಬಿಟ್ರು. ನಿಮ್ಮ ಪೆಟ್ಟಿಗ್ಯಾಗ ಇನ್ನೂ ಪ್ಲೇಟ್ ಇದ್ದುವಲ್ಲ, ಅವನ್ನ ನೀರಿಗೆ ಹಚ್ಚಬ್ಯಾಡ, ಒಂದಕ್ಕೊಂದು ತಿಕ್ಕದಂಗ ಕಾಗದದ ಲಕೋಟ್ಯಾಗ ನಿಲ್ಲಿಸಿ ಇಡು. ಕ್ಯಾಮೆರಾ ರಿಪೇರಿ ಆದ ಮ್ಯಾಲ ಅದ ಫೋಟೊದಾಗ ಕೂಸಾಗಿದ್ದವರು ಈಗ ಮುದುಕರಾಗಿ ಇದ್ರ, ಅವರನ್ನ ಅದ ಕ್ಯಾಮೆರಾದಾಗ ಮತ್ತ ತಗಿ. ಅದರ ಕಿಮ್ಮತ್ತು ಗಾಜಿನ ಕಪಾಟಿನ ಸಾಮಾನಿಗೆ ಬರೂದಿಲ್ಲ.

ಶಿಕ್ಷಕಿ: ಸಾಲಿ ಹುಡುಗರಿಗೂ ತೋರಸಬೇಕ್ರಿ. ಮಬ್ಬುಗಾಜಿನ್ಯಾಗ ಊರು ತಲಿಕೆಳಗಾಗಿ ಬಣ್ಣಬಣ್ಣದಾಗ ಕಾಣೂದು ನೋಡಿದ್ರ ಬೆಳಕಿನ ಪಾಠ ನಾ ಹೇಳೂದ ಬ್ಯಾಡ.

ಕಾಕಾ: ಅವರ ಕೈಯಾಗನ ಹಾಳಿ ಬೆಲ್ಲೋಸ್ ಮಾಡಸು. ಲೆಕ್ಕ ಐತಿ, ರೇಖಾಗಣಿತ ಐತಿ, ಕೈಕೆಲಸ ಐತಿ. ಇಂಥ ಕಸಬು ಉಳಿಯೂದು ಹಂಗ. ಪೇಟಿ ರಿಪೇರಿಯವರ ಕೈಗೂ ಹೊಸ ಕೆಲಸ ಸಿಗತೈತಿ. ಅವರು ಒಂದು ಬೆಲ್ಲೋಸ್ ಕಟ್ಟಿ ನೋಡಿದ್ರ ಎರಡನೇದು ತಾನ ಬರತೈತಿ.

ಶಿಕ್ಷಕಿ: ನಮ್ಮಂಗ ಇನ್ನೂ ಎಷ್ಟೋ ಮನ್ಯಾಗ ಇಂಥ ಕ್ಯಾಮೆರಾ ಇರಬಹುದು ಕಾಕಾ. ಅವರಿಗೆ ಏನು ಹೇಳತೀರಿ?

ಕಾಕಾ: ಕುಂದಗೋಳ, ನವಲಗುಂದ, ಅಣ್ಣಿಗೇರಿ, ಕಲಘಟಗಿ, ಯಾವ ಕಡೆಯವರಿಗೂ ನಾ ಹೇಳೂದು ಒಂದ. ಬೆಲ್ಲೋಸ್ ಹರದೈತಿ ಅಂತ ಕ್ಯಾಮೆರಾ ಮಾರಬ್ಯಾಡ್ರಿ. ಕಟ್ಟಿಗಿ, ಲೆನ್ಸ್, ಮಬ್ಬುಗಾಜು ಸರಿ ಇದ್ರ ಕ್ಯಾಮೆರಾ ಸರಿ ಐತಿ, ಬೆಲ್ಲೋಸ್ ಬದಲಿ ಮಾಡಸೂ ಭಾಗ. ಹಳೇದನ್ನ ಜೋಡಣಿ ಗುಂಟ ಬಿಚ್ಚಿ ನಕಾಶಿ ತಗೀರಿ, ನಾಲ್ಕು ಅಳತಿ ಬರಕೊಳ್ರಿ, ಸಮೀಪದ ಪೇಟಿ ರಿಪೇರಿಯವರನ್ನ, ಬೈಂಡಿಂಗ್‌ನವರನ್ನ ಕೇಳ್ರಿ. ಅವರ ಕೈಲೆ ಆಗದಿದ್ರ ಅದ ನಕಾಶಿ ಹೊರಗ ಕಳಿಸಿ ಮಾಡಸ್ರಿ. ಮಾಡಸಿದ ಮ್ಯಾಲ ಕಪಾಟಿನ್ಯಾಗ ಇಡಬ್ಯಾಡ್ರಿ, ಫೋಟೊ ತಗೀರಿ.